ಫೌಜದಾರನ ಜಾತಿ

ಫೌಜದಾರನಿಗೆ ಉಚ್ಚೆ ಕಟ್ಟಿದ್ದು ಒಂದು ಬುಧವಾರ. ಅಂದು ದುರ್ಗಾಳಿಗೆ ವಾರದ ರಜೆ. ಬೇರೆ ದಿನವಾಗಿದ್ದರೆ ಬೆಳಿಗ್ಗೆ ಆರೂವರೆಗೇ ಬೈಲಹೊಂಗಲದ ಡಿಪೋದಿಂದ ಸವದತ್ತಿ ಬಸ್ಸು ಹತ್ತಿ, ಹೆಗಲಿಗೆ ಟಿಕೆಟ್ ಚೀಲ ಹಾಕಿಕೊಂಡು ಹೊರಟುಬಿಟ್ಟಿರುತ್ತಿದ್ದಳು. ಬೆಕ್ಕು ಸಂಜೆಯೊಳಗೆ ಸತ್ತಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಸವದತ್ತಿ ಬಸ್‌ ಸ್ಟ್ಯಾಂಡಿನಲ್ಲಿ, ಡ್ರೈವರ್ ಸೀಟಿನ ಕೆಳಗೆ ಮುದುಡಿ ಕೂತಿದ್ದ ಮರಿ ಅದು. ಮುಷ್ಟಿಯಷ್ಟಿತ್ತು. ದುರ್ಗಾ ಅದನ್ನು ಟಿಕೆಟ್ ಚೀಲದಲ್ಲೇ ಹಾಕಿಕೊಂಡು ಮನೆಗೆ ತಂದಾಗ ಅವಳ ತಾಯಿ ಕಾಡವ್ವ ಬಾಗಿಲಲ್ಲೇ ತಡೆದು, "ಬೆಕ್ಕ ಒಳಗ ಬಂದ್ರ ನಾ ಹೊರಗ ಹೊಕ್ಕೇನಿ" ಅಂದಿದ್ದಳು. ಬೆಕ್ಕು ಒಳಗೆ ಬಂತು, ಕಾಡವ್ವ ಹೊರಗೆ ಹೋಗಲಿಲ್ಲ. ಬೆಳೆಯುತ್ತ ಬೆಳೆಯುತ್ತ ಅದು ಎದೆಯುಬ್ಬಿಸಿಕೊಂಡು ಓಣಿ ಸುತ್ತಿ, ಒಂದೊಂದು ಮನೆಯ ಮುಂದೂ ನಿಂತು ನೋಡಿ ಬರುವುದನ್ನು ಕಂಡು, "ಇಂವಾ ನೋಡ, ಫೌಜದಾರ ರೌಂಡಿಗೆ ಹೊಂಟಂಗ ಹೊಂಟಾನ" ಎಂದು ಹೆಸರಿಟ್ಟವಳೂ ಅವಳೇ.

ಆ ಬುಧವಾರ ಫೌಜದಾರ ಬಚ್ಚಲ ಮೂಲೆಯಲ್ಲಿ ಕೂತು ತಿಣುಕುತ್ತಿದ್ದ. ಮುಟ್ಟಿದರೆ ಕೂಸಿನ ಹಾಗೆ ಅಳುತ್ತಿದ್ದ. ಹೊಟ್ಟೆ ಕಲ್ಲಾಗಿತ್ತು. ದುರ್ಗಾ ಅವನನ್ನು ಬುಟ್ಟಿಗೆ ಹಾಕಿ, ಮೇಲೆ ಹಳೆಯ ಸೀರೆ ಕಟ್ಟಿ, ಊರ ಹೊರಗೆ ಖಾಸಗಿ ದವಾಖಾನೆ ನಡೆಸುವ ಪಶುವೈದ್ಯೆ ಶಿವಾನಿಯ ಹತ್ತಿರ ಓಡಿದಳು. ಅಲ್ಲಿ ಎಮ್ಮೆ ಹಿಡಿದು ನಿಂತಿದ್ದವರು ಬುಟ್ಟಿಯೊಳಗೆ ಇಣುಕಿ ನಕ್ಕರು. ಶಿವಾನಿ ನಗಲಿಲ್ಲ. ಹೊಟ್ಟೆ ಒತ್ತಿ ನೋಡಿ ಎದ್ದು ನಿಂತಳು.

"ಉಚ್ಚಿ ಹಾದಿ ಕಟ್ಟೇತ್ರಿ ಅಕ್ಕಾರ. ಇದಕ್ಕ ಹಾಕೂ ಸಣ್ಣ ನಳಿಗಿ ನನ್ನ ಹತ್ರ ಇಲ್ಲ. ಇದ್ದವೆಲ್ಲ ದನಕ್ಕಾಗೂವು. ಸೂಜಿಲೆ ಒಂದಿಷ್ಟ ತಗದ ಕೊಡತೇನಿ, ಮಧ್ಯಾಹ್ನದೊಳಗ ಧಾರವಾಡ ಮುಟ್ರಿ."

ಧಾರವಾಡದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಅವಳ ಡಿಪೋದ ಸತ್ಯಪ್ಪ. ಬುಟ್ಟಿ ನೋಡಿ, "ಇರ್ಲಿ ಬಿಡ್ರಿ, ಇದಕ್ಕೇನ ಟಿಕೆಟ್" ಅಂದ.

"ಅರ್ಧಾ ಟಿಕೆಟ್ ಹರೀರಿ ಸತ್ಯಪ್ಪಣ್ಣ. ಕೋಳಿಗೆ ಹರೀತೀವಿ, ಇವಗ್ಯಾಕ ಬ್ಯಾಡ?"

ಹೀಗಾಗಿ ಅಂದು ದುರ್ಗಾಳದು ಹೆಂಗಸರ ಉಚಿತ ಟಿಕೆಟ್, ಫೌಜದಾರನದು ರೊಕ್ಕ ಕೊಟ್ಟ ಟಿಕೆಟ್.

ಧಾರವಾಡದಲ್ಲಿ ಮೂರು ದಿನ ಇಟ್ಟುಕೊಂಡರು. ಫ್ರಿಜ್ಜಿಗೆಂದು ಕೂಡಿಟ್ಟಿದ್ದ ಹನ್ನೆರಡು ಸಾವಿರ ಅಲ್ಲಿಗೇ ಮುಗಿಯಿತು. ಫೌಜದಾರ ಅರ್ಧವಾಗಿ ಮನೆಗೆ ಬಂದ, ಆದರೆ ಬಂದ. ವಾರ ಬಿಟ್ಟು ತೋರಿಸಲು ಹೋದಾಗ ಶಿವಾನಿ ಮುಚ್ಚುಮರೆ ಮಾಡದೆ ಹೇಳಿದಳು: ಗಂಡುಬೆಕ್ಕಿಗೆ ಬರುವ ರೋಗ ಇದು, ಮತ್ತೆ ಬರಬಹುದು, ಬರದೆಯೂ ಇರಬಹುದು. "ಈಗ ನಾಯಿ ಬೆಕ್ಕಿಗೂ ವಿಮಾ ಬಂದಾವ್ರಿ. ಮಾಡಸೂದೋ ಬಿಡೂದೋ, ನೀವ ವಿಚಾರ ಮಾಡ್ರಿ."

ದುರ್ಗಾ ವಿಚಾರ ಮಾಡುತ್ತಿದ್ದಾಗಲೇ, ಭಾನುವಾರ, ರಾಮದುರ್ಗದಿಂದ ತಮ್ಮ ಗುರುನಾಥ ಬಂದ. ಮನೆಗಳಿಗೆ ವೈರಿಂಗ್ ಮಾಡುವ ಕೆಲಸ ಅವನದು. ಹೆಂಡತಿ ಮಕ್ಕಳನ್ನು ಬಿಟ್ಟು ತಾಯಿಯ ಕೈಯೂಟಕ್ಕೆ ವಾರಕ್ಕೊಮ್ಮೆ ಬೈಕಿನಲ್ಲಿ ಬರುತ್ತಿದ್ದ. ವಿಮೆಯ ಮಾತು ಕೇಳಿ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟುಬಿಟ್ಟ.

"ಹನ್ನೆರಡ ಸಾವಿರ ಹೋತು, ಹೋಗ್ಲಿ. ಮ್ಯಾಲ ಬೆಕ್ಕಿಗೆ ಪಾಲಿಸಿ? ಜನಾ ಏನಂದಾರು ಅಕ್ಕಾ?"

"ಯಾವ ಜನಾ?"

"ಎಲ್ಲಾರೂ. ಅಪ್ಪ ಕಟಕೋಳದಾಗ ಮಂದಿ ಹೊಲದಾಗ ದುಡದು ನಮಗ ಸಾಲಿ ಕಲಿಸಿದಾ. ಕಾಲ ಮುರದಾಗ ಸೈತ ದವಾಖಾನಿಗೆ ಹೋಗಲಿಲ್ಲ, ಬಿದಿರಕಟಗಿ ಕಟ್ಟಿಕೊಂಡ ಕುಂತಾ. ನಿನಗ ನೆನಪಿಲ್ಲೇನು? ಇದೆಲ್ಲಾ ಶ್ರೀಮಂತರ ಆಟ. ನಮ್ಮಂಥವರಿಗಲ್ಲ."

ದುರ್ಗಾಳಿಗೆ ನೆನಪಿತ್ತು. ಅಪ್ಪ ಕೊನೆಯವರೆಗೂ ಎಡಗಾಲು ಎಳೆದೇ ನಡೆದಿದ್ದ. ಅದೇ ಕಾಲೆಳೆಯುತ್ತ ಊರೂರು ತಿರುಗಿ, ಓಣಿಯವರನ್ನು ಕೂಡಿಸಿ, ದುರ್ಗಾ ಏಳನೆಯ ತರಗತಿಯಲ್ಲಿದ್ದಾಗ ಮನೆಮಂದಿಯನ್ನೆಲ್ಲ ಬೌದ್ಧ ಧರ್ಮಕ್ಕೆ ತಂದಿದ್ದ. ಇನ್ನು ಮುಂದೆ ಯಾರ ಮುಂದೂ ಬಗ್ಗಿ ನಿಲ್ಲಬೇಡಿ ಎಂದಿದ್ದ.

"ನಮ್ಮಂಥವರು ಅಂದ್ರ ಯಾರೋ ಗುರು?" ಅವಳ ದನಿ ಏರಿತು. "ಅಪ್ಪಗ ಸಿಗದಿದ್ದದ್ದು ಯಾರಿಗೂ ಸಿಗಬಾರದು ಅಂತ ಅಪ್ಪ ಹೇಳಿ ಸತ್ತಾನೇನು? ದವಾಖಾನಿ, ಪಾಲಿಸಿ, ಇವೆಲ್ಲಾ ಯಾರದರ ಮನಿ ಆಸ್ತಿ ಏನು? ಮಾಡಸ್ತೀನೋ ಬಿಡ್ತೀನೋ, ಅದ ಬ್ಯಾರೆ ಮಾತು. ನಮ್ಮಂಥವರಿಗಲ್ಲ ಅನ್ನೂದನ್ನ ಮಾತ್ರ ನನ್ನ ಮುಂದ ಅನಬ್ಯಾಡ."

"ಎಮ್ಮಿಗೆ ವಿಮಾ ಮಾಡಸ್ತಾರ, ಸರಿ. ಎಮ್ಮಿ ಹಾಲ ಕೊಡತೈತಿ. ಇದೇನ ಕೊಡತೈತಿ?"

ಒಲೆಯ ಮುಂದೆ ಕೂತಿದ್ದ ಕಾಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ನೀನೂ ವಾರಕ್ಕೊಮ್ಮಿ ಬಂದ ಉಂಡ ಹೊಕ್ಕಿ. ನಿನ್ನ ಏನ ಹಿಂಡಕೋತೀವೇನು?"

ಗುರುನಾಥ ಉಳಿದ ರೊಟ್ಟಿಯನ್ನು ತಿಂದು ಹೋದ.

ಅವಳ ಬಸ್ಸಿನಲ್ಲಿ ದಿನವೂ ಮುನವಳ್ಳಿಗೆ ಹೋಗುವ ವಿಜಯ ಎಂಬವನೊಬ್ಬನಿದ್ದ. ವಿಮಾ ಏಜೆಂಟ್. ಹಳ್ಳಿಗಳಿಗೆ ಹೋಗಿ ಎಮ್ಮೆ ಆಕಳುಗಳ ಕಿವಿಗೆ ಬಿಲ್ಲೆ ಹೊಡೆಸಿ ಪಾಲಿಸಿ ಮಾಡಿಸುತ್ತಿದ್ದ. ಅವನ ಕಂಪನಿ ಹೊಸದಾಗಿ ಸಾಕುಪ್ರಾಣಿಗಳ ಪಾಲಿಸಿಯನ್ನೂ ತೆಗೆದಿತ್ತು. ದುರ್ಗಾ ಕೇಳಿದ್ದೇ ತಡ, ಮರುದಿನ ಸಂಜೆ ಮನೆಗೆ ಬಂದ. ಚಾ ಕುಡಿದು, ಮೊಬೈಲ್ ತೆಗೆದು, ಒಂದೊಂದಾಗಿ ಕೇಳತೊಡಗಿದ.

"ಹೆಸರ್ರೀ?"

"ಫೌಜದಾರ."

"ನಿಮ್ಮದಲ್ರಿ, ಬೆಕ್ಕಿಂದು."

"ಬೆಕ್ಕಿಂದ ಹೇಳೇನಿ."

ವಿಜಯ ನಕ್ಕು ಬರೆದುಕೊಂಡ. "ವಯಸ್ಸು?"

"ನಾಕು."

"ಜಾತಿ?"

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಕಾಡವ್ವನ ಕೈ ನಿಂತಿತು. ವಿಜಯನಿಗೆ ತಾನು ಕೇಳಿದ್ದೇನೆಂದು ಆಗ ಹೊಳೆಯಿತು. ಅವಸರದಿಂದ ತಿದ್ದಿಕೊಂಡ.

"ಅಂದ್ರ ತಳಿ ರೀ. ಪರ್ಶಿಯನ್, ಸಯಾಮೀಸ್, ಹಿಂಗ ಜಾತಿ ಬೆಕ್ಕ ಇರ್ತಾವಲ್ರಿ..."

"ಇಂವಾ ಸವದತ್ತಿ ಬಸ್‌ ಸ್ಟ್ಯಾಂಡಿನಾಂವ. ನಾಡಬೆಕ್ಕು ಅಂತ ಬರಕೋರಿ."

"ಲಿಸ್ಟಿನ್ಯಾಗ ಅದಿಲ್ರಿ ಅಕ್ಕಾರ." ಅವನು ಮೊಬೈಲನ್ನು ಅವಳತ್ತ ತಿರುಗಿಸಿದ. ಹನ್ನೊಂದು ಹೆಸರುಗಳಿದ್ದವು. ಅವನು ಈಗ ಹೇಳಿದ ಎರಡನ್ನು ಬಿಟ್ಟರೆ ಯಾವುದೂ ಅವಳು ಕೇಳಿದ್ದಲ್ಲ. "ಒಂದ ಕೆಲಸಾ ಮಾಡೂಣು. ಪರ್ಶಿಯನ್ ಅಂತ ಒತ್ತಿಬಿಡೂಣು. ಬಣ್ಣಾನೂ ಬೂದಿ ಐತಿ, ಕೂದ್ಲಾನೂ ಹುಲಸಾಗಿ ಅದಾವು, ಫೋಟೋದಾಗ ಯಾರಿಗೆ ತಿಳೀತೈತಿ? ರೋಗದ್ದೂ ಇಲ್ಲ ಅಂತ ಹಾಕಿದ್ರಾತು. ಪಾಸಾಗಿಬಿಡತಾನ."

ದುರ್ಗಾ ಮೊಬೈಲನ್ನು ಅವನತ್ತಲೇ ತಿರುಗಿಸಿದಳು. ಆರು ವರ್ಷದ ಹಿಂದೆ ಬೈಲಹೊಂಗಲಕ್ಕೆ ವರ್ಗವಾಗಿ ಬಂದು ಬಾಡಿಗೆ ಮನೆ ಹುಡುಕುವಾಗ ಒಬ್ಬ ಗೆಳತಿ ಇಂಥದೇ ಉಪಾಯ ಹೇಳಿದ್ದಳು. ಬೇರೆ ಏನಾದರೂ ಹೇಳು, ನಿನ್ನ ಬಣ್ಣ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮನೆ ಸಿಕ್ಕಮೇಲೆ ಯಾರು ಕೇಳುತ್ತಾರೆ, ಎಂದು. ದುರ್ಗಾ ಹೋದ ಮೊದಲ ಮನೆಯಲ್ಲಿ ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಲ್ಲಿ ಮನೆಗೆ ಸುಣ್ಣ ಬಳಿಸುವುದಿದೆ ಅಂದರು. ಎರಡನೆಯದರಲ್ಲಿ ಮಗಳು ಬರುತ್ತಾಳೆ ಅಂದರು. ಮೂರನೆಯದರಲ್ಲಿ ಏನೂ ಅನ್ನದೆ ಬಾಗಿಲು ಹಾಕಿಕೊಂಡರು. ನಾಲ್ಕನೆಯ ಮನೆಯ ಚನ್ನವ್ವ ಎಂಬ ಮುದುಕಿ, "ಅದೆಲ್ಲಾ ಇರ್ಲಿ, ಒಂದನೇ ತಾರೀಖಿಗೆ ಬಾಡಿಗಿ ಕೊಡ್ತೀಯೋ ಇಲ್ಲೋ ಅಷ್ಟ ಹೇಳು" ಅಂದಳು. ಈಗ ಕೂತಿದ್ದದ್ದು ಅದೇ ಮನೆಯಲ್ಲಿ.

"ವಿಜಯಣ್ಣಾರ, ನಾನು ಎಂದೂ ಸುಳ್ಳ ಜಾತಿ ಹೇಳಿಲ್ಲ. ನನ್ನ ಬೆಕ್ಕೂ ಹೇಳೂದಿಲ್ಲ."

ವಿಜಯನ ಮುಖ ಸಣ್ಣದಾಯಿತು. "ನಾ ಹಂಗ ಅಂದಿದ್ದಲ್ರಿ..."

"ಗೊತ್ತೈತ್ರಿ. ನನಗ ಚೊಲೋ ಆಗಲಿ ಅಂತ ಅಂದ್ರಿ. ಆದ್ರೂ ಖರೇ ಬರೀರಿ. ನಾಡಬೆಕ್ಕು. ಉಚ್ಚಿ ಕಟ್ಟಿತ್ತು, ಧಾರವಾಡದಾಗ ಮೂರ ದಿನಾ ಇಟ್ಟಿದ್ವಿ."

"ಹಿಂಗ ಬರದ್ರ ವಾಪಸ್ ಬರತೈತ್ರಿ."

"ಬರಲಿ. ಯಾಕ ಒಲ್ಲೆವು ಅನ್ನೂದನ್ನ ಅವರು ಬರದ ಕೊಡಲಿ."

ವಿಜಯ ಪಟ್ಟಿಯ ಕೊನೆಗಿದ್ದ 'ಇತರೆ' ಎಂಬುದನ್ನು ಒತ್ತಿದ. ಅದು ತಳಿಯ ಪ್ರಮಾಣಪತ್ರ ಕೇಳಿತು. ಬೆಕ್ಕಿನ ಹೆಸರಿನಲ್ಲಿ ಮನೆಯಲ್ಲಿ ಇದ್ದದ್ದು ಧಾರವಾಡದ ಬಿಲ್ಲು ಮತ್ತು ಬಸ್ಸಿನ ಅರ್ಧ ಟಿಕೆಟ್, ಎರಡೇ. ದುರ್ಗಾ ಎರಡನ್ನೂ ಫೋಟೋ ತೆಗೆಸಿ ಅರ್ಜಿಗೆ ಹಚ್ಚಿಸಿದಳು.

ಆರನೆಯ ದಿನ, ಬಸ್ಸು ನವಿಲುತೀರ್ಥದ ತಿರುವಿನಲ್ಲಿದ್ದಾಗ ಅವಳ ಮೊಬೈಲಿಗೆ ಸಂದೇಶ ಬಂತು. ಅರ್ಜಿ ತಿರಸ್ಕೃತವಾಗಿದೆ, ಕಾರಣ: ಮಾನ್ಯತೆ ಪಡೆದ ತಳಿಯಲ್ಲ. ಸಂಜೆ ಡಿಪೋದಲ್ಲಿ ಸುದ್ದಿ ಹರಡಿತು. "ಫೌಜದಾರ ಸಸ್ಪೆಂಡ್ ಆದ್ನಂತ" ಎಂದು ಸತ್ಯಪ್ಪ ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ದುರ್ಗಾಳಿಗೂ ನಗು ಬಂತು. ಆದರೆ 'ಮಾನ್ಯತೆ ಪಡೆದ ತಳಿಯಲ್ಲ' ಎಂಬ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಬೆಕ್ಕಿಗೆ ವಿಮೆ ಬೇಕೋ ಬೇಡವೋ ಎಂಬುದನ್ನು ಅವಳು ಇನ್ನೂ ಗಟ್ಟಿ ಮಾಡಿಕೊಂಡಿರಲಿಲ್ಲ. ಮಾನ್ಯತೆ ಇಲ್ಲ ಅಂದವರು ಯಾರು ಎಂದು ಕೇಳಲೇಬೇಕು ಎಂಬುದು ಮಾತ್ರ ಗಟ್ಟಿಯಾಯಿತು.

ಒಂದು ಹಾಳೆಯಲ್ಲಿ ಕನ್ನಡದಲ್ಲಿ ಪತ್ರ ಬರೆದಳು. ನಾಡಬೆಕ್ಕು ಬೆಕ್ಕಲ್ಲ ಎಂದು ನಿಮ್ಮ ಯಾವ ನಿಯಮದಲ್ಲಿದೆ, ಆ ಪುಟದ ಪ್ರತಿ ಕಳಿಸಿ, ಇಷ್ಟೇ. ಎರಡು ವಾರ ಉತ್ತರವಿಲ್ಲ. ಮೂರನೆಯ ವಾರದ ರಜೆಯ ದಿನ ಅವಳು ಬೆಳಗಾವಿಗೆ, ಕಂಪನಿಯ ಶಾಖೆಗೆ ಹೊರಟಳು. "ನಾನೂ ಬರತೇನಿ" ಎಂದು ಕಾಡವ್ವ ಇಳಕಲ್ ಸೀರೆ ಉಟ್ಟು ತಯಾರಾದಳು. ಫೌಜದಾರನನ್ನೂ ಬುಟ್ಟಿಯಲ್ಲಿ ಕರೆದುಕೊಂಡರು. ವಿಜಯ ಬರುವುದಿಲ್ಲ ಬರುವುದಿಲ್ಲ ಎನ್ನುತ್ತಲೇ ಜೊತೆಗೆ ಬಂದ.

ಶಾಖೆಯ ಹಿರಿಯ ಅಧಿಕಾರಿ ಮಲಕಾಜಪ್ಪ ಎಂಬವರು. ನಿವೃತ್ತಿಗೆ ಹತ್ತಿರವಾದವರು. ಮೇಜಿನ ಮೇಲೆ ಬುಟ್ಟಿ ಇಟ್ಟದ್ದನ್ನು ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ನೋಡ್ರಿ ಅಕ್ಕಾರ, ಇದು ಕಂಪನಿ ನಿಯಮ. ನಾವೇನ ಮಾಡಾಕ ಬರೂದಿಲ್ಲ."

"ಯಾವ ನಿಯಮ, ತೋರಸ್ರಿ. ನಾ ಕಂಡಕ್ಟರ್ ಇದ್ದೇನ್ರಿ. ದಿನಾ ಐವತ್ತ ಮಂದಿಗೆ ನಿಯಮ ಹೇಳತೇನಿ. ಕೇಳಿದವರಿಗೆ ಪುಸ್ತಕಾ ತಗದ ತೋರಸ್ತೇನಿ."

ಮಲಕಾಜಪ್ಪ ಉಸಿರುಬಿಟ್ಟು ಕಪಾಟಿನಿಂದ ಪಾಲಿಸಿಯ ಪುಸ್ತಕ ತೆಗೆದರು. ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ದುರ್ಗಾ ಎದ್ದು ಹೋಗಿ ಅವರ ಪಕ್ಕದಲ್ಲೇ ನಿಂತಳು. ಒಂಬತ್ತನೆಯ ಪುಟದಲ್ಲಿ ಅವರ ಬೆರಳು ನಿಂತಿತು. ಎರಡು ಸಲ ಓದಿದರು. ಆಮೇಲೆ ಪುಸ್ತಕವನ್ನು ಅವಳತ್ತ ತಿರುಗಿಸಿದರು. ಸಾಕಿದ ಬೆಕ್ಕು ಯಾವುದೇ ತಳಿಯದಿರಲಿ, ಮಿಶ್ರ ತಳಿಯದೂ ಆಗಬಹುದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

"ಮೊಬೈಲಿನ ಲಿಸ್ಟ್ ಮಾಡಿದವರು ಬಿಟ್ಟಾರ್ರಿ" ಅಂದರು ಮೆಲ್ಲಗೆ. "ಇಲ್ಲೀತನಕಾ ಯಾರೂ ಕೇಳೇ ಇಲ್ಲ."

"ಕೇಳೂದ್ಯಾಕ್ರಿ? ಎಲ್ಲಾರೂ ಪರ್ಶಿಯನ್ ಅಂತ ಬರಸಿರ್ತಾರ."

ವಿಜಯ ಗೋಡೆ ನೋಡುತ್ತ ಕೂತ. ಮಲಕಾಜಪ್ಪ ಮುಖ್ಯ ಕಚೇರಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಇಟ್ಟಮೇಲೆ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಅರ್ಜಿ ಇವತ್ತೇ ಪಾಸಾಗುತ್ತದೆ, ವರ್ಷಕ್ಕೆ ಮೂರು ಸಾವಿರದ ಚಿಲ್ಲರೆ, ಇಲ್ಲಿ ಸಹಿ ಮಾಡಿ ಎಂದರು.

ದುರ್ಗಾ ಪೆನ್ನು ತೆಗೆದುಕೊಂಡು, ಸಹಿ ಮಾಡುವ ಮೊದಲು ಕೇಳಿದಳು: "ಇವಗ ಮತ್ತ ಉಚ್ಚಿ ಕಟ್ಟಿದ್ರ ಬಿಲ್ಲ ಕೊಡತೀರಿ?"

"ಅದಿಲ್ರಿ. ಮೊದಲ ಇದ್ದ ರೋಗಕ್ಕ ಬರೂದಿಲ್ಲ."

"ಎರಡ ವರ್ಷಾ ಬಿಟ್ಟ ಬಂದ್ರ?"

"ಎಷ್ಟ ವರ್ಷಾ ಬಿಟ್ಟರೂ ಇಲ್ಲ. ಬ್ಯಾರೆ ಏನರ ಆದ್ರ, ಬಿದ್ದ ಕಾಲ ಮುರದ್ರ, ಅದಕ್ಕೆಲ್ಲಾ ಐತಿ."

ಅವಳು ಬುಟ್ಟಿಯತ್ತ ನೋಡಿದಳು. ಇವನ ಜೀವಕ್ಕೆ ಕಂಟಕವೆಂದು ಗೊತ್ತಿದ್ದದ್ದು ಒಂದೇ ಒಂದು. ಆ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕಾಗದ ಕೊಡುತ್ತಿದ್ದರು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ಹಂಗಾದ್ರ ನನಗ ಬ್ಯಾಡ್ರಿ."

"ಏನ್ರಿ ಇದು!" ಮಲಕಾಜಪ್ಪ ಕನ್ನಡಕ ತೆಗೆದರು. "ಇಷ್ಟೆಲ್ಲಾ ಜಗಳಾ ತಗದ, ಈಗ ಬ್ಯಾಡಂತೀರಿ?"

"ಹೌದ್ರಿ. ಮೊದಲ ನೀವು ಬ್ಯಾಡ ಅಂದಿದ್ರಿ. ಈಗ ನಾ ಅನ್ನಾಕತ್ತೇನಿ. ಎರಡರಾಗ ಭಾಳ ಫರಕ ಐತಿ." ಅವಳು ಪೆನ್ನನ್ನು ಅವರತ್ತ ಸರಿಸಿದಳು. "ನಾಡಬೆಕ್ಕೂ ನಡೀತೈತಿ ಅಂತ ಒಂದ ಕಾಗದಾ ಬರದ ಕೊಡ್ರಿ. ಶಿಕ್ಕಾ ಹೊಡದ."

ಮಲಕಾಜಪ್ಪ ಮತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ ಬರೆದು, ಕಂಪನಿಯ ಮೊಹರು ಒತ್ತಿ ಕೊಟ್ಟರು.

ಮೆಟ್ಟಿಲು ಇಳಿಯುತ್ತ ಅವಳು ಬುಟ್ಟಿಯನ್ನು ಎದೆಗೊತ್ತಿಕೊಂಡಳು. ನಾಳೆಯೇ ಮಾಳಿಗೆಯಿಂದ ಬಿದ್ದರೆ? ನಾಯಿ ಕಚ್ಚಿದರೆ? ಹಟಕ್ಕೆ ಬಿದ್ದು ತಪ್ಪು ಮಾಡಿದೆನೇ? ಅಷ್ಟರಲ್ಲಿ ಕಾಡವ್ವ, "ಮಾಡಿಸಿದ್ರ ಚೊಲೋ ಇತ್ತೇನ ದುರ್ಗಿ?" ಎಂದು ಕೇಳಿಯೇಬಿಟ್ಟಳು.

"ಗೊತ್ತಿಲ್ಲ ಯವ್ವಾ. ಆ ರೋಗಕ್ಕ ಏನ ದಾರಿ ಅನ್ನೂದನ್ನ ಮೊದಲ ನೋಡೂಣು."

ದಾರಿ ಇದ್ದದ್ದು ಶಿವಾನಿಯ ಹತ್ತಿರ. ಆ ಸಣ್ಣ ನಳಿಗೆಗಳನ್ನು ನೀವೇ ಯಾಕೆ ಇಡಬಾರದು ಎಂದು ದುರ್ಗಾ ಕೇಳಿದಳು. ಇಡಬಹುದು, ಆದರೆ ಪೆಟ್ಟಿಗೆಗಟ್ಟಲೆ ತರಿಸಬೇಕು, ಅವಧಿ ಮುಗಿದರೆ ಎಸೆಯಬೇಕು, ವರ್ಷಕ್ಕೆ ಎರಡು ಬೆಕ್ಕು ಬಂದರೆ ಹೆಚ್ಚು, ಎಂದಳು ಶಿವಾನಿ. "ಬೆಕ್ಕ ಸಾಕಿದವರು ಎಷ್ಟ ಮಂದಿ ಅದಾರ ಅನ್ನೂದ ತಿಳದ್ರ ನಾನೂ ಧೈರ್ಯಾ ಮಾಡತೇನ್ರಿ."

ಮರುದಿನದಿಂದ ಬೈಲಹೊಂಗಲ–ಸವದತ್ತಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ದುರ್ಗಾ ಎಲ್ಲರನ್ನೂ ಒಂದು ಪ್ರಶ್ನೆ ಕೇಳತೊಡಗಿದಳು. "ಮುನವಳ್ಳಿ ಎರಡೇನ್ರಿ? ಮನ್ಯಾಗ ಬೆಕ್ಕ ಐತಿ?" ಮೊದಲ ದಿನ ಬಸ್ಸೆಲ್ಲ ನಕ್ಕಿತು. ಎರಡನೆಯ ದಿನ ಮುದಕವ್ವ ಎಂಬ ಹೆಂಗಸು ಸೆರಗಿನಲ್ಲಿ ಕಣ್ಣೊರಸಿಕೊಂಡು, ತನ್ನ ಗಂಡುಬೆಕ್ಕು ಹೋದ ವರ್ಷ ಹೀಗೆಯೇ ಮೂಲೆಯಲ್ಲಿ ಕೂತು ತಿಣುಕಿ ತಿಣುಕಿ ಸತ್ತಿತು, ಏನಾಯಿತೆಂದೇ ತಿಳಿಯಲಿಲ್ಲ ಎಂದಳು. ಆಮೇಲೆ ಯಾರೂ ನಗಲಿಲ್ಲ. ಹತ್ತು ದಿನದಲ್ಲಿ ದುರ್ಗಾಳ ವಹಿಯಲ್ಲಿ ಅರವತ್ತೇಳು ಮನೆಗಳ ಹೆಸರು, ಊರು, ಫೋನ್ ನಂಬರು ಕೂಡಿದವು. ಶಿವಾನಿ ಪಟ್ಟಿಯನ್ನು ಎರಡು ಸಲ ಎಣಿಸಿ ಒಂದು ಪೆಟ್ಟಿಗೆ ನಳಿಗೆ ತರಿಸಿದಳು. ಎರಡು ದಿನ ಧಾರವಾಡಕ್ಕೆ ಹೋಗಿ ಕೈ ಪಳಗಿಸಿಕೊಂಡೂ ಬಂದಳು.

ಇತ್ತ ಕಂಪನಿಯ ಬೆಕ್ಕಿನ ಪಟ್ಟಿಗೆ 'ನಾಡತಳಿ' ಎಂಬ ಹನ್ನೆರಡನೆಯ ಹೆಸರು ಸೇರಿತು, ನಾಯಿಯ ಪಟ್ಟಿಗೂ ಸೇರಿತು. ಕಿತ್ತೂರಿನ ಕಡೆಯವರೊಬ್ಬರು ತಮ್ಮ ಬೀದಿನಾಯಿಗೆ ಪಾಲಿಸಿ ಮಾಡಿಸಿದರೆಂದು ವಿಜಯ ಬಸ್ಸಿನಲ್ಲಿ ಹೇಳಿದ. "ನಿಮ್ಮದೊಂದ ಹೋತು, ಅವರದೊಂದ ಬಂತ್ರಿ" ಎಂದು ನಕ್ಕ.

ಮಳೆಗಾಲ ಹಿಡಿದ ಮೇಲೆ, ಒಂದು ಗುರುವಾರ ಹನ್ನೊಂದು ಗಂಟೆಯ ಸುಮಾರಿಗೆ ಕಾಡವ್ವನ ಫೋನ್ ಬಂತು. ಬೆಕ್ಕು ಮತ್ತೆ ಬಚ್ಚಲಲ್ಲಿ ಕೂತಿತ್ತು. ದುರ್ಗಾ ತುಂಬಿದ ಬಸ್ಸಿನಲ್ಲಿ, ಸವದತ್ತಿಗೆ ಇನ್ನೂ ಎಂಟು ಕಿಲೋಮೀಟರ್ ಇರುವಾಗ, ಒಂದು ಕೈಯಲ್ಲಿ ಕಂಬ ಹಿಡಿದು ನಿಂತಿದ್ದಳು. ಬಿಟ್ಟು ಬರುವ ಹಾಗಿರಲಿಲ್ಲ. ಗುರುನಾಥ ಆ ವಾರ ಯರಗಟ್ಟಿಯಲ್ಲಿ ಒಂದು ಮನೆಯ ವೈರಿಂಗ್ ಹಿಡಿದಿದ್ದ. ಅವನಿಗೆ ಫೋನ್ ಹಚ್ಚಿ, ಬೆಕ್ಕನ್ನು ಶಿವಾನಿಯ ಹತ್ತಿರ ಒಯ್ಯಲು ಹೇಳಿದಳು.

"ನನಗ ಕೆಲಸಾ ಬಿಟ್ಟ ಬರಾಕ ಆಗೂದಿಲ್ಲಕ್ಕಾ. ಅದೂ ಬೆಕ್ಕಿಗಾಗಿ!"

"ಬಾ ಅಂದ್ರ ಬಾ" ಎಂದು ಅವಳು ಫೋನ್ ಇಟ್ಟಳು. ಬರುತ್ತಾನೋ ಇಲ್ಲವೋ ತಿಳಿಯಲಿಲ್ಲ. ಮರಳಿ ಬೈಲಹೊಂಗಲ ಮುಟ್ಟುವವರೆಗೂ ಮನಸ್ಸೆಲ್ಲ ಬಚ್ಚಲ ಮೂಲೆಯಲ್ಲೇ ಇತ್ತು. ಕೈ ಮಾತ್ರ ತನ್ನ ಪಾಡಿಗೆ ಟಿಕೆಟ್ ಹರಿಯುತ್ತಿತ್ತು. ಡಿಪೋದಲ್ಲಿ ಲೆಕ್ಕ ಒಪ್ಪಿಸಿ, ಸಮವಸ್ತ್ರದಲ್ಲೇ ಶಿವಾನಿಯ ದವಾಖಾನೆಗೆ ಓಡಿದಳು.

ಬಾಗಿಲ ಹೊರಗಿನ ಬಾಕಿನ ಮೇಲೆ ಕಾಡವ್ವ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ಗುರುನಾಥ. ಅವನ ತೊಡೆಯ ಮೇಲೆ ಫೌಜದಾರ, ಅರೆಗಣ್ಣು ಮುಚ್ಚಿ ಬಿದ್ದುಕೊಂಡಿದ್ದ. ಬೆಕ್ಕು ಹೆದರಿ ಯಾರ ಕೈಗೂ ಸಿಗದಿದ್ದಾಗ ಮೇಜಿನ ಮೇಲೆ ಅದನ್ನು ಅದುಮಿ ಹಿಡಿದವನು ಗುರುನಾಥನೇ ಎಂದು ಶಿವಾನಿ ಒಳಗಿನಿಂದಲೇ ಕೂಗಿ ಹೇಳಿದಳು. ನಳಿಗೆ ಸಲೀಸಾಗಿ ಹೋಗಿತ್ತು. ಕಟ್ಟಿದ್ದೆಲ್ಲ ಒಮ್ಮೆಲೇ ಬಿಚ್ಚಿಕೊಂಡಿತ್ತು. ಗುರುನಾಥನ ಅಂಗಿ ಎದೆಯಿಂದ ಕೆಳಗೆ ತೊಯ್ದು ನಾರುತ್ತಿತ್ತು. ಅವನ ಎರಡೂ ಮುಂಗೈ ಪರಚಿ ಕೆಂಪಾಗಿದ್ದವು.

ಅಕ್ಕನನ್ನು ನೋಡಿ ಅವನು ಮುಖ ಗಂಟು ಹಾಕಿದ. ಬೆಕ್ಕನ್ನು ಮಾತ್ರ ಕೆಳಗಿಳಿಸಲಿಲ್ಲ.

"ಈಗೂ ಹೇಳತೇನಿ ಅಕ್ಕಾ. ಇದು ಹುಚ್ಚು. ಬರೇ ಹುಚ್ಚು."

"ಹೌದು" ಅಂದಳು ದುರ್ಗಾ, ಅವನ ಪಕ್ಕದಲ್ಲಿ ಕೂತು ಬೂಟು ಬಿಚ್ಚುತ್ತ. "ಮುಂದಿನ ಸಲಾ ಹಳೇ ಅಂಗಿ ಹಾಕ್ಕೊಂಡ ಬಾ."